ನಾನೂರ ಹನ್ನೆರಡು ಅಡಿ ಉದ್ದದ ಜಾಲತಾಣ

ಜಾಲತಾಣವನ್ನು ಚದರಡಿಯಲ್ಲಿ ಅಳೆಯತಕ್ಕದ್ದು ಎಂಬುದು ನಮ್ಮ ಕಚೇರಿಯ ನಿಯಮ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಓದುಗರಿಗೆ ಸಹಜವಾಗಿಯೇ ತೋರುತ್ತದೆ, ಮತ್ತು ಅದು ಸಹಜವಾಗಿಯೇ ಇದೆ.

ನಮ್ಮದು ಕೋಲಾರದ ಸಣ್ಣ ಉದ್ದಿಮೆಗಳ ಜಾಲತಾಣ ಸುಗಮೀಕರಣ ಘಟಕ. ಸಣ್ಣ ವ್ಯಾಪಾರಿಗಳ ಜಾಲತಾಣಗಳನ್ನು ಗಿರಾಕಿಗಳಿಗೆ ಸುಲಭವಾಗುವಂತೆ ತಿದ್ದಿ, ಚೆಂದ ಮಾಡಿ ಕೊಡುವುದು ನಮ್ಮ ಕೆಲಸ. ನಾನು ಭೀಮರಾಜ್, ಇಲ್ಲಿಯ ಗುಮಾಸ್ತ. ಘಟಕ ಆರಂಭವಾದಾಗ ಜಾಲತಾಣದ ಕೆಲಸಕ್ಕೆ ಯಾವ ದರ ಕೊಡಬೇಕು ಎಂದು ದರಪಟ್ಟಿಯಲ್ಲಿ ಹುಡುಕಿದೆವು. ಅದರಲ್ಲಿ ಚರಂಡಿ ಇತ್ತು, ಶಾಮಿಯಾನ ಇತ್ತು, ನಾಯಿ ಹಿಡಿಯುವುದು ಇತ್ತು, ಜಾಲತಾಣ ಇರಲಿಲ್ಲ. ಅದಕ್ಕೆ ಅತ್ಯಂತ ಹತ್ತಿರದ ವಸ್ತು ಫ್ಲೆಕ್ಸ್ ಬ್ಯಾನರ್ ಎಂದು ನಮ್ಮ ಅಧಿಕಾರಿ ಕಾಂತರಾಜ್ ಸಾಹೇಬರು ತೀರ್ಮಾನಿಸಿದರು. ಎರಡರಲ್ಲೂ ಫೋಟೋ ಇರುತ್ತದೆ, ಅಕ್ಷರ ಇರುತ್ತದೆ, ಎರಡನ್ನೂ ಜನ ನೋಡುತ್ತಾರೆ. ಹಾಗಾಗಿ ಫ್ಲೆಕ್ಸ್ ದರವೇ ಜಾಲತಾಣಕ್ಕೂ ಅನ್ವಯವಾಯಿತು, ಫ್ಲೆಕ್ಸ್ ಅಂಗಡಿಯ ನಂದೀಶ್ ಅವರೇ ಜಾಲತಾಣದ ಗುತ್ತಿಗೆದಾರರಾದರು. ಅವರು ಕಾಂತರಾಜ್ ಸಾಹೇಬರ ಷಡ್ಡಕ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕಡತದಲ್ಲಿ ಎರಡು ಕಡೆ ಬರೆದಿದೆ.

ಇಂಥ ಕಚೇರಿಗೆ ಮಾಲೂರು ತಾಲ್ಲೂಕು ಲಕ್ಕೂರಿನ ಆಶಾರಾಣಿ ಎಂಬುವರು ಒಂದು ಅರ್ಜಿ ಹಿಡಿದು ಬಂದರು.

ಈಕೆ ಟೊಮೇಟೊ ಸಸಿ ಬೆಳೆಸಿ ಮಾರುವವರು. ಟ್ರೇಗಳಲ್ಲಿ ಬೀಜ ಹಾಕಿ, ಹಸಿರು ಪರದೆಯ ಕೆಳಗೆ ಇಪ್ಪತ್ತೈದು ದಿನ ಸಾಕಿ, ರೈತರ ಹೊಲಕ್ಕೆ ಕಳಿಸುತ್ತಿದ್ದರು. ಇದಕ್ಕಾಗಿ ಒಂದೇ ಪುಟದ ಜಾಲತಾಣ ಮಾಡಿಕೊಂಡಿದ್ದರು. ಎಷ್ಟು ಸಸಿ, ಯಾವ ಊರು, ಎಷ್ಟನೇ ತಾರೀಕು ಎಂದು ತುಂಬಿ 'ಸಸಿ ಬೇಕು' ಎಂಬ ಬಟನ್ ಒತ್ತಿದರೆ ಮುಗಿಯಿತು. ಮುಳಬಾಗಿಲಿನವರಾಗಲಿ ಶ್ರೀನಿವಾಸಪುರದವರಾಗಲಿ, ಹೇಳಿದ ದಿನಕ್ಕೆ ಹೊಲದ ಬದುವಿನ ಮೇಲೆ ಸಸಿ ಬಂದು ಇಳಿಯುತ್ತಿತ್ತು. ಇಷ್ಟು ಸರಳವಾದದ್ದು ಇಷ್ಟು ದಿನ ಹೇಗೆ ನಡೆಯಿತು ಎಂದು ನಮಗೇ ಆಶ್ಚರ್ಯವಾಯಿತು.

ತೊಂದರೆ ಒಂದೇ. ಚಿಕ್ಕ ಫೋನುಗಳಲ್ಲಿ ಆ ಬಟನ್ ಹುರುಳಿ ಕಾಳಿನಷ್ಟು ಕಾಣುತ್ತಿತ್ತು. ರೈತರ ಹೆಬ್ಬೆರಳಿಗೆ ಅದು ಸಿಗುತ್ತಿರಲಿಲ್ಲ.

"ಬಟನ್ ಒಂಚೂರು ದೊಡ್ಡದು ಮಾಡಿಕೊಡಿ ಸಾರ್, ಅಷ್ಟೇ," ಎಂದರು ಆಶಾರಾಣಿ. "ನಿನ್ನೆ ಎರಡು ಲಕ್ಷ ಬೀಜ ಹಾಕ್ಸಿದೀನಿ. ಇಪ್ಪತ್ತೈದು ದಿನಕ್ಕೆ ಸಸಿ ರೆಡಿ ಆಗುತ್ತೆ. ಮೂವತ್ತೈದು ದಾಟಿದ್ರೆ ಮುದಿ ಆಗ್ಬಿಡುತ್ತೆ, ನೆಟ್ಟರೂ ಏಳಲ್ಲ. ಅಷ್ಟರೊಳಗೆ ಮಾಡಿಕೊಡ್ತೀರಾ?"

"ಸಸಿಗೆ ಆತುರ ಇರಬಹುದಮ್ಮ, ಕಡತಕ್ಕೆ ಇರಬಾರದು," ಎಂದರು ಕಾಂತರಾಜ್ ಸಾಹೇಬರು. "ಮೊದಲು ಮುಚ್ಚಳಿಕೆ ಬರ್ಕೊಡಿ."

ಮುಚ್ಚಳಿಕೆ ಎಂದರೆ ಛಾಪಾ ಕಾಗದದ ಮೇಲೆ ಒಂದು ಸಣ್ಣ ವಾಗ್ದಾನ. ಹೊಸ ಜಾಲತಾಣ ಉದ್ಘಾಟನೆ ಆಗುವವರೆಗೆ ಫೋನಿನಲ್ಲಾಗಲಿ, ಸಂತೆಯಲ್ಲಾಗಲಿ, ಮನೆ ಬಾಗಿಲಲ್ಲಾಗಲಿ ಒಂದು ಸಸಿಯನ್ನೂ ಮಾರುವುದಿಲ್ಲ, ಮಾರಿದರೆ ಕಾಮಗಾರಿಯ ಪೂರ್ತಿ ವೆಚ್ಚ ಭರಿಸುತ್ತೇನೆ ಎಂಬುದು ಅದರ ಸಾರಾಂಶ. ಜಾಲತಾಣವಿಲ್ಲದೆಯೂ ವ್ಯಾಪಾರ ನಡೆಯುತ್ತದೆ ಎಂದು ಸಾಬೀತಾದರೆ ಘಟಕದ ಅಗತ್ಯವೇನು ಎಂಬ ಪ್ರಶ್ನೆ ಏಳುತ್ತದೆ. ಅಂಥ ಪ್ರಶ್ನೆಗಳು ಏಳದಂತೆ ನೋಡಿಕೊಳ್ಳುವುದೇ ನಿಯಮಗಳ ಕೆಲಸ. ಆಶಾರಾಣಿ ಓದದೆ ಸಹಿ ಹಾಕಿದರು. ನಮ್ಮ ಜನ ಓದಿ ಸಹಿ ಹಾಕಿದ್ದನ್ನು ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ನೋಡಿಲ್ಲ.

ಅಂದೇ ಹಳೆಯ ಪುಟವನ್ನು ಮುಚ್ಚಿಸಿ, ಅದರ ಜಾಗದಲ್ಲಿ ಒಂದು ಫಲಕ ಹಾಕಿಸಿದೆವು. 'ಕಾಮಗಾರಿ ಪ್ರಗತಿಯಲ್ಲಿದೆ. ಬದಲಿ ಮಾರ್ಗ ಬಳಸಿ.' ಪಕ್ಕದಲ್ಲಿ ಬಲಕ್ಕೆ ತಿರುಗಿದ ಒಂದು ಬಾಣದ ಗುರುತು. ಮುಳಬಾಗಿಲು ತಾಲ್ಲೂಕು ದೇವರಾಯಸಮುದ್ರದ ಸೊಣ್ಣಪ್ಪ ಎಂಬ ರೈತ ಆ ಬಾಣವನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒತ್ತಿದ್ದಾನೆ. ಬಾಣ ಎಲ್ಲಿಗೂ ಹೋಗಲಿಲ್ಲ. ಹೋಗುವುದು ಬಾಣದ ಕೆಲಸವಲ್ಲ, ತೋರಿಸುವುದಷ್ಟೇ.

ವಿನ್ಯಾಸ ಶುರುವಾಯಿತು. ನಂದೀಶ್ ಅನುಭವಸ್ಥರು. ಬ್ಯಾನರ್ ಎಂದಮೇಲೆ ಮೇಲ್ಗಡೆ ಗಣ್ಯರ ಫೋಟೋ ಇರಬೇಕು, ಗಣ್ಯರು ಎಂದಮೇಲೆ ಶಿಷ್ಟಾಚಾರ ಇರಬೇಕು. ಯಾರ ಮುಖ ದೊಡ್ಡದು, ಯಾರದು ಮೊದಲು, ಯಾರು ಕೈ ಮುಗಿದಿರಬೇಕು, ಯಾರು ಕೈ ಬೀಸುತ್ತಿರಬೇಕು ಎಂಬುದನ್ನು ತಪ್ಪಿದರೆ ಬೀದಿಯಲ್ಲಿ ಬ್ಯಾನರ್ ಹರಿಯುತ್ತಾರೆ. ಜಾಲತಾಣವನ್ನು ಹರಿಯಲು ಬರುವುದಿಲ್ಲವಾದ್ದರಿಂದ ಬಂದು ಕಚೇರಿಯ ಕುರ್ಚಿ ಮುರಿಯುತ್ತಾರೆ. ಆದ್ದರಿಂದ ಯಾರನ್ನೂ ಬಿಡಲಿಲ್ಲ. ಗಣ್ಯರಾದ ಮೇಲೆ ಅವರ ಬೆಂಬಲಿಗರು, ಬೆಂಬಲಿಗರ ಹುಟ್ಟುಹಬ್ಬಕ್ಕೆ ಶುಭ ಕೋರುವವರು, ಕೋರುವವರ ಮಿತ್ರಮಂಡಳಿ. ಒಬ್ಬೊಬ್ಬರ ಮುಖವೂ ನಾಲ್ಕಡಿ. ಚದರಡಿ ಲೆಕ್ಕದ ಕೆಲಸವಾದ್ದರಿಂದ ನಂದೀಶ್ ಒಮ್ಮೆಯೂ ಬೇಸರ ಪಟ್ಟುಕೊಳ್ಳಲಿಲ್ಲ.

ಹದಿನೇಳನೇ ದಿನ ಅಳತೆ. ಕಂಪ್ಯೂಟರ್ ಪರದೆಯ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಪುಟವನ್ನು ಆ ಗೆರೆಯವರೆಗೆ ಮೇಲೆ ತಳ್ಳುವುದು, ಟೇಪು ಹಿಡಿಯುವುದು, ಮತ್ತೆ ತಳ್ಳುವುದು. ಟೇಪಿನ ಒಂದು ತುದಿ ನಾನು ಹಿಡಿದಿದ್ದೆ. ಉದ್ದ ನಾನೂರ ಹನ್ನೆರಡು ಅಡಿ ಬಂತು. ಆಶಾರಾಣಿಯವರನ್ನು ಕರೆಸಿ ತೋರಿಸಿದೆವು. ಆಕೆ ಬಹಳ ಹೊತ್ತು ಬೆರಳಲ್ಲಿ ತಳ್ಳುತ್ತಾ ಕೂತಿದ್ದರು.

"ಸಾರ್, ಟೊಮೇಟೊ ಎಲ್ಲಿ?"

"ಟೊಮೇಟೊ ಗಣ್ಯರ ಪಟ್ಟಿಯಲ್ಲಿಲ್ಲಮ್ಮ," ಎಂದೆ.

"ಬಟನ್?"

"ಕೊಟ್ಟಕೊನೆಗಿದೆ ಮೇಡಂ," ಎಂದರು ನಂದೀಶ್. "ದೊಡ್ಡದು ಮಾಡಿದೀನಿ, ತಟ್ಟೆ ಅಷ್ಟಗಲ."

"ಅದನ್ನ ಮೇಲ್ಗಡೆ ಇಟ್ಟಿದ್ರೆ ಏನಾಗ್ತಿತ್ತು?"

ಕಾಂತರಾಜ್ ಸಾಹೇಬರು ಕನ್ನಡಕ ತೆಗೆದರು. "ನೋಡಮ್ಮ, ಸಮಾರಂಭದಲ್ಲಿ ಗಣ್ಯರು ಕೆಳಗೆ ಕೂತು, ಮೈಕು ಸರಿ ಮಾಡೋನು ವೇದಿಕೆ ಮೇಲೆ ಕೂತ್ಕೊಳ್ಳೋದುಂಟಾ? ಬಟನ್ ಅನ್ನೋದು ಕೆಲಸದ ವಸ್ತು. ಅದು ಕೊನೆಗೇ ಇರ್ಬೇಕು."

ಆಕೆ ಹಣೆ ಚಚ್ಚಿಕೊಂಡರು. ತಲೆ ಅಲ್ಲಾಡಿದ್ದನ್ನು ಒಪ್ಪಿಗೆ ಎಂದು ದಾಖಲಿಸಿದೆ.

ಇನ್ನು ಬಳಕೆದಾರರ ಪರೀಕ್ಷೆ. ಜಾಲತಾಣ ಸುಗಮವಾಗಿದೆಯೇ ಎಂದು ಒಬ್ಬ ಸಾಮಾನ್ಯ ವ್ಯಕ್ತಿಯಿಂದ ಬಳಸಿ ನೋಡಿಸಬೇಕು. ಅದೇ ಹೊತ್ತಿಗೆ ದೇವರಾಯಸಮುದ್ರದ ಸೊಣ್ಣಪ್ಪ ಎರಡು ಬಸ್ಸು ಬದಲಿಸಿ ವಿಚಾರಿಸಲು ಬಂದಿದ್ದ. "ನಾನು ಪರೀಕ್ಷೆ ಮಾಡ್ತೀನಿ ಸಾರ್," ಎಂದ. ನಮ್ಮ ಏಳನೇ ನಿಯಮದ ಪ್ರಕಾರ ಅದು ಸಾಧ್ಯವಿರಲಿಲ್ಲ. ಸಸಿ ಬೇಕಾದವನು ಬಟನ್ ಒತ್ತುವಾಗ ನಿಷ್ಪಕ್ಷಪಾತಿಯಾಗಿರುವುದಿಲ್ಲ. ಅವನಿಗೆ ಸಸಿಯ ಮೇಲೆ ಆಸೆ ಇರುತ್ತದೆ.

"ಅದೇಂದಿ ಸಾರ್!" ಎಂದ ಸೊಣ್ಣಪ್ಪ. "ಮಡಿ ಕಟ್ಟಿ, ಪೈಪು ಎಳೆದು, ಹೊಲ ರೆಡಿ ಮಾಡ್ಕೊಂಡು ಕೂತಿದೀನಿ. ಸಸಿ ಬೇಡದೇ ಇರೋನು ಯಾಕೆ ಸಾರ್ ಬಟನ್ ಒತ್ತುತಾನೆ?"

ಇವರಿಗೆ ನಿಯಮ ವಿವರಿಸುವುದಕ್ಕಿಂತ ಎಮ್ಮೆಗೆ ವಿವರಿಸುವುದು ಸುಲಭ. ನಮ್ಮ ಜವಾನ ಶ್ರೀನಿವಾಸಪ್ಪ ಹೊಲವಿಲ್ಲದವನು, ಟೊಮೇಟೊ ತಿಂದರೆ ಮೈ ಕಡಿತ ಬರುವವನು. ಅವನನ್ನೇ ಕೂರಿಸಿದೆವು. ಹನ್ನೊಂದು ಗಂಟೆಗೆ ತಳ್ಳಲು ಆರಂಭಿಸಿದವನು, ನಡುವೆ ಊಟ ಮುಗಿಸಿ ಬಂದು, ಮೂರೂವರೆಗೆ ಬಟನ್ ತಲುಪಿದ. ಒತ್ತಲು ಕಾರಣವಿಲ್ಲದ್ದರಿಂದ ಒತ್ತಲಿಲ್ಲ. 'ಸುಗಮವಾಗಿದೆ, ದಾರಿಯಲ್ಲಿ ಪರಿಚಯದವರು ಬಹಳ ಜನ ಸಿಕ್ಕಿದರು' ಎಂದು ಬರೆದು ಸಹಿ ಮಾಡಿದ.

ಇಪ್ಪತ್ತೈದನೇ ದಿನಕ್ಕೆ ಉದ್ಘಾಟನೆ ಗೊತ್ತಾಗಿತ್ತು. ಅಲ್ಲಿಯವರೆಗೆ ಯಾರೂ ಒಳಗೆ ಇಣುಕದಂತೆ ಜಾಲತಾಣದ ಮೇಲೆ ಕೆಂಪು ಮಖಮಲ್ ಪರದೆಯ ಚಿತ್ರ ಎಳೆಸಿ, ಅದಕ್ಕೂ ಚದರಡಿ ಹಾಕಿದ್ದಾಯಿತು. ಆದರೆ ಉದ್ಘಾಟಿಸಬೇಕಾದ ಗಣ್ಯರಿಗೆ ಅಂದು ಬೇರೆಡೆ ಒಂದು ಬಸ್ ತಂಗುದಾಣವಿತ್ತು. ಮೂವತ್ತೆರಡನೇ ದಿನಕ್ಕೆ ಇಟ್ಟುಕೊಂಡೆವು. ಅಂದು ಅಮಾವಾಸ್ಯೆ. ಮೂವತ್ತೆಂಟನೇ ದಿನ ಅವರು ಬರಲು ಸಿದ್ಧರಿದ್ದರು, ಅವರಿಗೆ ದೊಡ್ಡ ಹೂವಿನ ಹಾರ ಹಾಕುವ ಕ್ರೇನು ಸಿಗಲಿಲ್ಲ.

ಮೂವತ್ತೊಂಬತ್ತನೇ ದಿನ ಆಶಾರಾಣಿ ಒಂದು ಟ್ರೇ ತಂದು ಸಾಹೇಬರ ಮೇಜಿನ ಮೇಲೆ ಇಟ್ಟರು. ಸಸಿಗಳು ಮೊಣಕೈ ಉದ್ದ ಬೆಳೆದು ಒಂದರ ಮೇಲೊಂದು ಮಲಗಿದ್ದವು. ಎಲೆ ಹಳದಿಗೆ ತಿರುಗಿತ್ತು, ಟ್ರೇಯ ತೂತುಗಳಿಂದ ಬೇರು ಇಳಿಬಿದ್ದಿತ್ತು.

"ನೋಡಿ ಸಾರ್. ಎರಡು ಲಕ್ಷವೂ ಹಿಂಗೇ. ಆ ಮುಚ್ಚಳಿಕೆಯಿಂದ ನನ್ನ ಬಿಟ್ಬಿಡಿ. ಏಳೋ ಅಂಥವು ನಾಕು ಉಳಿದಿದ್ರೂ ಸುಮ್ಮನೆ ಹಂಚ್ಬಿಡ್ತೀನಿ. ಆಶಾರಾಣಿ ಸಸಿ ಹೇಳಿದ ದಿನಕ್ಕೆ ಬರುತ್ತೆ ಅಂತ ಮುಳಬಾಗಿಲವರೆಗೂ ಹೆಸರಿದೆ. ಅದು ಹೋದ್ರೆ ನಾನು ಮತ್ತೆ ಎಲ್ಲಿಂದ ತರ್ಲಿ?" ಆಕೆಯ ಕಣ್ಣಲ್ಲಿ ನೀರಿತ್ತು. "ಬಟನ್ ಚಿಕ್ಕದಿದ್ರೂ ಕೆಲಸ ಮಾಡ್ತಿತ್ತು. ನನ್ನ ಹಳೇ ಪುಟ ವಾಪಸ್ ಕೊಡಿ."

ಟ್ರೇಯ ಮಣ್ಣು ತಾಗದಂತೆ ನಾನು ಮೇಜಿನ ಮೇಲಿನ ಕಡತಗಳನ್ನು ಪಕ್ಕಕ್ಕೆ ಸರಿಸಿದೆ.

"ಹಳೇ ಪುಟದಲ್ಲಿ ಒಬ್ಬ ಗಣ್ಯರ ಫೋಟೋನೂ ಇರಲಿಲ್ಲ," ಎಂದರು ಸಾಹೇಬರು. "ಅಂಥದ್ದು ಇಷ್ಟು ವರ್ಷ ನಡೆದಿದ್ದೇ ಅಪರಾಧ. ಅದನ್ನ ನಿರುಪಯುಕ್ತ ಅಂತ ವಿಲೇವಾರಿ ಮಾಡಿದೀವಿ. ಆದ್ರೆ ನಿಮ್ಮ ಸಸಿ ಚೆನ್ನಾಗಿ ಉದ್ದ ಬಂದಿದೆ ಕಣಮ್ಮ. ವೇದಿಕೆ ಅಲಂಕಾರಕ್ಕೆ ಆಗುತ್ತೆ. ಎಲ್ಲಾನೂ ಕಳ್ಸಿಬಿಡಿ."

ನಲವತ್ತನಾಲ್ಕನೇ ದಿನ ಲಕ್ಕೂರಿನಲ್ಲಿ ಉದ್ಘಾಟನೆ ವಿಜೃಂಭಣೆಯಿಂದ ನೆರವೇರಿತು. ಎರಡು ಲಕ್ಷ ಸಸಿಗಳನ್ನು ವೇದಿಕೆಯ ಸುತ್ತ, ಮೆಟ್ಟಿಲ ಮೇಲೆ, ಕಾರು ನಿಲ್ಲುವ ಜಾಗದವರೆಗೂ ಜೋಡಿಸಲಾಗಿತ್ತು. ಗಣ್ಯರು ದೊಡ್ಡ ಪರದೆಯ ಮುಂದೆ ನಿಂತು ಮಖಮಲ್ಲನ್ನು ಸರಿಸಿದರು. ಮೊದಲಿಗೆ ಅವರದೇ ಮುಖ ಬಂತು. ಅದನ್ನು ಅವರು ಸಂತೃಪ್ತಿಯಿಂದ ನೋಡಿದರು, ಮುಂದಕ್ಕೆ ತಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ. ಚಪ್ಪಾಳೆಯಾಯಿತು. ಆಶಾರಾಣಿಯವರಿಗೆ ಶಾಲು ಹೊದಿಸಿ, ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು, ಹಾಗಾಗಿ ಆಕೆಯ ಮುಖಭಾವ ವರದಿಯಲ್ಲಿ ನಮೂದಾಗಿಲ್ಲ.

ಫಲಾನುಭವಿಯೊಬ್ಬರಿಗೆ ಸಾಂಕೇತಿಕವಾಗಿ ಸಸಿ ಕೊಡಬೇಕಿತ್ತು. ಗುಂಪಿನಲ್ಲಿ ನಿಂತಿದ್ದ ಸೊಣ್ಣಪ್ಪನನ್ನೇ ಮೇಲೆ ಕರೆದೆವು.

"ಈಗ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಊಟಕ್ಕಿಲ್ಲದ ಉಪ್ಪಿನಕಾಯಿ," ಎಂದು ಅವನು ಗೊಣಗಿದ.

"ಹಲ್ಲು ಕಾಣಿಸೋ ಹಂಗೆ ನಗಿ ಯಜಮಾನ್ರೇ," ಎಂದರು ಕ್ಯಾಮೆರಾ ಹಿಡಿದಿದ್ದ ನಂದೀಶ್. "ನಿಮ್ಮ ಫೋಟೋನೂ ಸೈಟಲ್ಲಿ ಹಾಕ್ತೀನಿ. ನಾಲ್ಕಡಿ."

ಸೊಣ್ಣಪ್ಪ ಗೊಣಗುವುದನ್ನು ನಿಲ್ಲಿಸಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ನಂತರ ನಕ್ಕ.

ಸಮಾರಂಭ ಮುಗಿದ ಮೇಲೆ ಊರಿನ ಮೇಕೆಗಳು ಅಲಂಕಾರವನ್ನು ಸ್ವಚ್ಛಗೊಳಿಸಿದವು. 'ಜಾಲತಾಣ ಸುಧಾರಣೆಯ ಫಲವಾಗಿ ಒಂದೇ ದಿನದಲ್ಲಿ ಎರಡು ಲಕ್ಷ ಸಸಿಗಳು ಪೂರ್ಣ ವಿಲೇವಾರಿ' ಎಂದು ನಾನು ವರದಿ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆಮೇಲೆ ನಡೆದದ್ದು ನಾವೂ ನಿರೀಕ್ಷಿಸಿರದ ಯಶಸ್ಸು. ಸೊಣ್ಣಪ್ಪನ ಫೋಟೋ ಜಾಲತಾಣದಲ್ಲಿ ಬಂದ ವಾರದಲ್ಲೇ ದೇವರಾಯಸಮುದ್ರದಿಂದ ಹದಿನಾಲ್ಕು ಜನ, ಶ್ರೀನಿವಾಸಪುರದಿಂದ ಒಂದು ಟೆಂಪೊ ತುಂಬ ಜನ ಕಚೇರಿಗೆ ಬಂದರು. ಎಲ್ಲರೂ ಆ ಹಂಗಾಮಿನಲ್ಲಿ ಸಸಿ ಸಿಗದೆ ಹೊಲ ಖಾಲಿ ಬಿಟ್ಟವರು. ಗಲಾಟೆಯಾಗುತ್ತದೆ ಎಂದು ಕಾಂತರಾಜ್ ಸಾಹೇಬರು ಹಿಂಬಾಗಿಲ ಬೀಗ ತೆಗೆಸಿ ಇಟ್ಟುಕೊಂಡರು. ಬಂದವರು ಕೇಳಿದ್ದು ಒಂದೇ. ಸೊಣ್ಣಪ್ಪನದನ್ನು ಹಾಕಿದ ಮೇಲೆ ನಮ್ಮದನ್ನು ಯಾಕೆ ಹಾಕಿಲ್ಲ? ಫಲಾನುಭವಿಗಳ ಪಟ್ಟಿಗೆ ಸಹಿ ಹಾಕಿಸಿಕೊಂಡು ಎಲ್ಲರದನ್ನೂ ಹಾಕಿದೆವು. ಜಾಲತಾಣ ಈಗ ಆರುನೂರು ಅಡಿ ದಾಟಿದೆ. ಸೊಣ್ಣಪ್ಪ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಕೂತು ಹೋಗಿ ಬರುವವರಿಗೆಲ್ಲ ತನ್ನ ಮುಖವನ್ನು ತೋರಿಸುತ್ತಾನೆ ಎಂದು ಕೇಳಿದ್ದೇನೆ. ಅವನ ಹೊಲದಲ್ಲಿ ಕಳೆ ಆಳುದ್ದ ಬೆಳೆದಿದೆಯಂತೆ.

ಆಶಾರಾಣಿ ಮತ್ತೆ ಬೀಜ ಹಾಕಿಲ್ಲ. ಹಾಕಿದರೂ ಕೇಳುವವರಿಲ್ಲ. ಹಸಿರು ಪರದೆಯ ಕೆಳಗಿನ ಜಾಗದಲ್ಲಿ ನಂದೀಶ್ ಫ್ಲೆಕ್ಸ್ ಒಣಗಿಸುತ್ತಾರೆ. ಕಳೆದ ಸೋಮವಾರ ಆಕೆ ಮತ್ತೊಂದು ಅರ್ಜಿ ಹಿಡಿದು ಬಂದಾಗ, ಮತ್ತೆ ಹಳೇ ಪುಟದ ರಾಗವೇ ಇರಬೇಕು ಎಂದುಕೊಂಡು ನಾನು ಅದನ್ನು ಎರಡು ಗಂಟೆ ಮುಟ್ಟಲಿಲ್ಲ. ಕೊನೆಗೆ ಬಿಡಿಸಿ ಓದಿದೆ.

'ಮಾನ್ಯರೇ, ಸಸಿ ಬೆಳೆದವಳು ನಾನು. ಆದರೆ ಉದ್ಘಾಟನೆಯ ದಿನ ತೆಗೆದ ನನ್ನ ಫೋಟೋವನ್ನು ಜಾಲತಾಣದಲ್ಲಿ ದೇವರಾಯಸಮುದ್ರದ ಸೊಣ್ಣಪ್ಪನವರ ಕೆಳಗೆ ಹಾಕಿರುತ್ತೀರಿ. ಅವರದು ನಾಲ್ಕಡಿ, ನನ್ನದು ಎರಡೂವರೆ. ಇದು ಶಿಷ್ಟಾಚಾರದ ಸ್ಪಷ್ಟ ಉಲ್ಲಂಘನೆ. ಕೂಡಲೇ ಸರಿಪಡಿಸಬೇಕಾಗಿ ವಿನಂತಿ.'

ಕಡತವನ್ನು ಓಡಿಕೊಂಡೇ ಸಾಹೇಬರ ಬಳಿ ಒಯ್ದೆ. ಅವರು ನಿಂತುಕೊಂಡೇ ಸಹಿ ಮಾಡಿದರು, ನಂದೀಶ್ ಫೋನಿನಲ್ಲೇ ಸರಿಪಡಿಸಿದರು. ಅರ್ಜಿ ಬಿಡಿಸಿದ ಹತ್ತು ನಿಮಿಷದೊಳಗೆ ಕೆಲಸ ಮುಗಿಯಿತು. ನಮ್ಮ ಘಟಕದ ಇತಿಹಾಸದಲ್ಲಿ ಇಷ್ಟು ಬೇಗ ಯಾವ ಅರ್ಜಿಯೂ ಇತ್ಯರ್ಥವಾಗಿಲ್ಲ. ಆಕೆ ಬೆಂಚಿನ ಮೇಲೆ ಕೂತು ತಮ್ಮ ಮುಖವನ್ನು ಎರಡು ಬಾರಿ ದೊಡ್ಡದು ಮಾಡಿ ನೋಡಿಕೊಂಡರು.

"ಈಗ ಸರಿಯಾಯ್ತು ಸಾರ್," ಎಂದು ಹೇಳಿ ಮಾಲೂರಿನ ಬಸ್ಸು ಹತ್ತಿದರು.