ಒಂದು ಪದ ಹೆಚ್ಚು

ಎಲ್ಲ ರಗಳೆಗೂ ಮೂಲ ಒಂದು ಅಚ್ಚಾದ ಕಾರ್ಡು.

ಯುದ್ಧ ಶುರುವಾದ ಮೇಲೆ ತರಬೇತಿ ಶಿಬಿರದಿಂದ ಮನೆಗೆ ಕಾಗದ ಬರೆಯುವಂತಿರಲಿಲ್ಲ. ಭಾನುವಾರಕ್ಕೊಮ್ಮೆ ತಲೆಗೊಂದು ಕಾರ್ಡು. ಅದರಲ್ಲಿ ನಾಲ್ಕೇ ಸಾಲು: ‘ನಾನು ಕ್ಷೇಮ.’ ‘ನಾನು ಆಸ್ಪತ್ರೆಯಲ್ಲಿದ್ದೇನೆ.’ ‘ನಿಮ್ಮ ಕಾರ್ಡು ತಲುಪಿದೆ.’ ‘ನಿಮ್ಮ ಕಾರ್ಡು ಒಂದೂ ಬಂದಿಲ್ಲ.’ ಬೇಡದ್ದನ್ನು ಹೊಡೆದುಹಾಕಬೇಕು. ಒಂದು ಪದ ಸೇರಿಸಿದರೂ ಕಾರ್ಡು ಚೂರುಚೂರು. ಮನೆಯವರಿಗೂ ಇಂಥದೇ ಕಾರ್ಡು, ಇದೇ ಕಟ್ಟಳೆ.

ಹೊಡೆದುಹಾಕುವ ಗೆರೆಯನ್ನೂ ಅಳತೆಪಟ್ಟಿ ಇಟ್ಟು ಎಳೆಯುತ್ತಿದ್ದ ಒಬ್ಬ ಸಿಪಾಯಿಗೆ ಶಿಬಿರ ‘ಸ್ಕೇಲು’ ಎಂದು ಹೆಸರಿಟ್ಟಿತ್ತು. ಅವನ ಅಪ್ಪ ಗಡಿಯಾರ ರಿಪೇರಿ ಮಾಡುವವರು. ಸೈನ್ಯ ಸೇರುವುದು ಬೇಡ ಎಂದದ್ದಕ್ಕೆ ಇವನು, “ಊರಿನವರ ಟೈಮೆಲ್ಲ ಸರಿಮಾಡ್ತಾ ನಿಮ್ಮ ಟೈಮೇ ಮುಗೀತಲ್ಲ ಅಪ್ಪ!” ಎಂದು ಬಾಗಿಲು ಬಡಿದು ಬಂದಿದ್ದ. ಆ ಬಡಿತಕ್ಕೆ ಅಂಗಡಿಯ ಹನ್ನೊಂದು ಗಡಿಯಾರ ಒಟ್ಟಿಗೇ ನಿಂತಂತೆ ಅವನಿಗೆ ಈಗಲೂ ಅನ್ನಿಸುತ್ತಿತ್ತು. ಮೂರು ತಿಂಗಳಾಗಿತ್ತು. ಅಪ್ಪನಿಂದ ಒಂದು ಕಾರ್ಡೂ ಇಲ್ಲ. ಬಿಗುಮಾನಕ್ಕೆ ಇವನೂ ವಾರವಾರ ‘ನಾನು ಕ್ಷೇಮ’ವೊಂದನ್ನೇ ಉಳಿಸಿ ಕಳಿಸುತ್ತಿದ್ದ.

ಆದರೆ ನಾಳೆ ಬೆಳಗ್ಗೆ ರಣರಂಗಕ್ಕೆ ಹೊರಡಬೇಕು. ಇವತ್ತಿನದೇ ಕೊನೆಯ ಕಾರ್ಡು. ಸ್ಕೇಲು ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ‘ಕ್ಷಮಿಸಿ’ ಎಂದು ಬರೆದ.

ಟಪಾಲು ಗುಮಾಸ್ತ ಬೆರಳು ಮಡಿಸಿ ಎಣಿಸಿ, ಪರ್ರನೆ ಹರಿದು ಬುಟ್ಟಿಗೆ ಹಾಕಿದ.

“ಒಂದು ಪದ ಹೆಚ್ಚು.”

“ಸಾರ್, ಏನು ಬರೆದಿದ್ದೆ ಅಂತಾದ್ರೂ ಓದಿದ್ರಾ?”

“ಓದಲ್ಲಪ್ಪ, ಎಣಿಸ್ತೀನಿ ಅಷ್ಟೆ. ಓದಿದ್ರೆ ಹರಿಯೋಕೆ ಕೈ ಬರಲ್ಲ.”

ಸುದ್ದಿ ಕೇಳಿ ಪಕ್ಕದ ಮಂಚದ ‘ಡೋಲು’ ಓಡಿಬಂದ. ಅವನ ಗೊರಕೆಗೆ ಕಿಟಕಿ ಗಾಜು ಅದುರುತ್ತಿತ್ತು. “ಪದ ತಾನೇ ಬೇಡ ಅನ್ನೋದು? ಕಣ್ಣೀರು ಪದ ಅಲ್ವಲ್ಲೋ! ಒಂದು ಹನಿ ಬೀಳಿಸು, ನಿಮ್ಮಪ್ಪನಿಗೆ ಅರ್ಥ ಆಗುತ್ತೆ. ತಗೋ, ನನ್ನ ಕಾರ್ಡು.”

ಅಳು ಬೇಕೆಂದಾಗ ಬರುತ್ತದೆಯೇ? ಇಬ್ಬರೂ ಅಡುಗೆಮನೆಗೆ ನಡೆದರು. ಅಡುಗೆಯವನು ಟಪಾಲು ಕಚೇರಿಯ ಬುಟ್ಟಿಯಿಂದ ತಂದ ಕಾಗದದ ಚೂರುಗಳಿಂದ ಚಹಾದ ಒಲೆ ಹೊತ್ತಿಸುತ್ತಿದ್ದ. ಸ್ಕೇಲು ಈರುಳ್ಳಿ ರಾಶಿಯ ಮೇಲೆ, ಬಾವಿ ಇಣುಕುವವನಂತೆ ಬಗ್ಗಿ ನಿಂತ. ಹನಿಯೇನೋ ಬಿತ್ತು; ಬಿದ್ದದ್ದು ಮಾತ್ರ ಆಸ್ಪತ್ರೆಯ ಸಾಲಿನ ಮೇಲೆ. ಅವನು ಎಳೆದಿದ್ದ ಶಾಯಿಯ ಗೆರೆ ಕರಗಿ ಹರಿದುಹೋಯಿತು. ಈಗ ಕಾರ್ಡಿನ ಪ್ರಕಾರ ಅವನು ಕ್ಷೇಮವಾಗಿ ಆಸ್ಪತ್ರೆಯಲ್ಲಿದ್ದ.

“ಅಯ್ಯೋ, ಇದನ್ನ ಕಳಿಸಿದ್ರೆ ಮುದುಕರ ಎದೆ ಒಡೆಯುತ್ತೆ!” ಎಂದು ಅಡುಗೆಯವನು ಅದನ್ನು ಕಿತ್ತುಕೊಂಡು ಒಲೆಗೆಸೆದ. “ನನ್ನ ಕಾರ್ಡು ತಗೋ. ನಮ್ಮಮ್ಮನಿಗೆ ಹೋದ ವಾರವೇ ಕ್ಷೇಮ ಅಂದಿದೀನಿ, ಈ ವಾರ ಅದಕ್ಕೇನೂ ಆಗಿಲ್ಲ. ನೋಡು ತಮ್ಮ, ‘ನಿಮ್ಮ ಕಾರ್ಡು ಒಂದೂ ಬಂದಿಲ್ಲ’ ಅನ್ನೋ ಸಾಲನ್ನ ಹಾಗೇ ಬಿಡು. ಮಗ ಇಷ್ಟು ದಿನ ದಾರಿ ಕಾದ ಅಂತ ಅಪ್ಪನ ಕರುಳು ಕರಗುತ್ತೆ.”

ಸುಳ್ಳೂ ಅಲ್ಲ, ಕಟ್ಟಳೆಯೂ ಮುರಿಯುವುದಿಲ್ಲ. ಸ್ಕೇಲು ಆ ಸಾಲನ್ನೂ ‘ನಾನು ಕ್ಷೇಮ’ವನ್ನೂ ಬಿಟ್ಟು, ಅಳತೆಪಟ್ಟಿ ಇಟ್ಟು ಉಳಿದದ್ದನ್ನು ಹೊಡೆದ.

ಗುಮಾಸ್ತ ಎಣಿಸಿದ. ತಲೆಯಾಡಿಸಿದ. ಕಾರ್ಡನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಅರಗಿನ ಮುದ್ರೆ ಒತ್ತಿ ಲಾರಿಗೆ ಕೊಟ್ಟ. ಲಾರಿ ಹೊರಟಿತು. ಸ್ಕೇಲಿನ ಎದೆಯ ಮೇಲಿಂದ ಬೀಸುವ ಕಲ್ಲು ಇಳಿದಂತಾಯಿತು.

ಗುಮಾಸ್ತ ನಾಳೆ ಹೊರಡುವವರ ಮನೆ ವಿಳಾಸದ ರಿಜಿಸ್ಟರು ತೆರೆದ. “ವಿಳಾಸ ಹೇಳು.”

“ಗಡಿಯಾರ ರಿಪೇರಿ ಅಂಗಡಿ, ಮಾರುಕಟ್ಟೆ ಹಿಂದಿನ ಬೀದಿ...”

ಗುಮಾಸ್ತನ ಪೆನ್ನು ನಿಂತಿತು. “ಓ, ಅವರ ಮಗನಾ ನೀನು? ವಾರ ತಪ್ಪದೆ ಅಲ್ಲಿಂದ ಕಾರ್ಡು ಬರುತ್ತಪ್ಪ. ಹನ್ನೆರಡು ಬಂತು. ಹನ್ನೆರಡರಲ್ಲೂ ಒಂದು ಪದ ಹೆಚ್ಚು. ನಾನೇ ಹರಿದೆ.”

“ಯಾವ ಪದ ಸಾರ್?”

ಗುಮಾಸ್ತ ರಿಜಿಸ್ಟರು ಮುಚ್ಚಿದ. “ಹೇಳಿದ್ನಲ್ಲಪ್ಪ,” ಎಂದ ಮೆಲ್ಲಗೆ, “ನಾನು ಓದಲ್ಲ.”

ಲಾರಿ ಎಬ್ಬಿಸಿದ ದೂಳು ಗೇಟಿನಾಚೆ ಇನ್ನೂ ಕೂತಿರಲಿಲ್ಲ. ಸ್ಕೇಲು ಬಗ್ಗಿ ಮೇಜಿನ ಕೆಳಗಿನ ಬುಟ್ಟಿ ನೋಡಿದ. ಖಾಲಿ.

“ಲೋ ಸ್ಕೇಲು!” ಅಡುಗೆಮನೆಯಿಂದ ಕೂಗು ಬಂತು. “ಇವತ್ತು ಒಲೆ ಚೆನ್ನಾಗಿ ಹತ್ತಿದೆ ಕಣೋ. ಚಹಾ ಆರೋದ್ರೊಳಗೆ ಬಾ!”