ಡಬ್ಬಿಯೊಳಗಿನ ವಧು-ವರರು

ಕಂಪ್ಯೂಟರಿನ ಮಾಹಿತಿ ಕಾಯುವ ಕೆಲಸದಲ್ಲಿ ನಗೆಪಾಟಲಿಗೆ ಬರವಿಲ್ಲ. ಎಲ್ಲ ಭದ್ರವಾಗಿದೆ ಅಂದುಕೊಂಡ ದಿನವೇ ಏನೋ ಒಂದು ಆಗುತ್ತದೆ. ಈಗ ನಾನು ಕಲಬುರಗಿಯ ದೊಡ್ಡ ಆಫೀಸಿನಲ್ಲಿದ್ದೇನೆ. ಇಲ್ಲಿ ಎಸಿ ಇದೆ, ನಗುವವರಿಲ್ಲ. ಬೇಸರವಾದಾಗಲೆಲ್ಲ ಆಳಂದದ ವಧು-ವರರ ಕೇಂದ್ರ ನೆನಪಾಗುತ್ತದೆ. ಅದನ್ನು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ. ಎಲ್ಲರಿಗೂ ಅವರು ಅಕ್ಕಾವ್ರು. ಅಫಜಲಪುರ, ಜೇವರ್ಗಿಗಳಲ್ಲಿ ಒಂದೊಂದು ಶಾಖೆ. ಮೂರೂ ಕಡೆಯ ವಿವರಗಳ ಬ್ಯಾಕಪ್, ಅಂದರೆ ಇನ್ನೊಂದು ಪ್ರತಿ, ತೆಗೆದಿಡುವುದು ನನ್ನ ಪಾಲಿಗೆ ಬಂದಿತ್ತು.

ಬಸ್ಸಿನಲ್ಲಿ ಹೋದವರು

ಮೊದಮೊದಲು ಬ್ಯಾಕಪ್ ಅಂದರೆ ಒಂದು ಹಾರ್ಡ್ ಡಿಸ್ಕು. ಬೇರೆ ಶಾಖೆಯಲ್ಲಿ ಭದ್ರವಾಗಿರಲಿ ಅಂತ ಅದನ್ನು ಟವೆಲಿನಲ್ಲಿ ಸುತ್ತಿ ಅಫಜಲಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಒಂದು ದಿನ ಅವರು ಕೇಳಿದರು:

“ಇದರಾಗ ಏನದರಿ?”

“ವಧು-ವರರು ಅದಾರ್ರಿ. ಮೂರೂ ತಾಲೂಕಿನವ್ರು.”

ಅವರು ಗಂಟನ್ನು ಕಿವಿಗೆ ಹಿಡಿದು ನೋಡಿ, ಚೀಲದೊಳಗೆ ಮೆಲ್ಲಗೆ ಇಟ್ಟುಕೊಂಡರು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೂಗಿದರು: “ನನ್ನ ತಮ್ಮಗ ಒಂದು ಕನ್ಯಾ ಬೇಕಾಗ್ಯದ. ಚಲೋ ಇದ್ರ ನಡುವ ಒಂದು ಇಳಸ್ಕೋತೇನ್ರಿ!”

ಕಂಟೇನರ್ ಬಂತು

ಮುಂದೆ ಎಲ್ಲವನ್ನೂ ಹೊಸ ಪದ್ಧತಿಗೆ ಬದಲಾಯಿಸಿದೆ. ಆಳಂದದ ಆಫೀಸಿನಲ್ಲಿ ಮೂರು ಯಂತ್ರಗಳನ್ನು ಒಟ್ಟಿಗೆ ಜೋಡಿಸಿ, ಪ್ರೋಗ್ರಾಮನ್ನು ಕಂಟೇನರ್‌ಗಳಲ್ಲಿ ಹಾಕಿದೆ. ಕಂಟೇನರ್ ಅಂದರೆ ಕಣ್ಣಿಗೆ ಕಾಣದ ಡಬ್ಬಿ ಇದ್ದಂತೆ. ಒಂದು ಕೆಟ್ಟರೆ ತಾನಾಗಿಯೇ ಇನ್ನೊಂದು ಹುಟ್ಟುತ್ತದೆ.

ಜೇವರ್ಗಿ ಶಾಖೆಯನ್ನು ಒಬ್ಬ ಕಾಕಾ ನೋಡಿಕೊಳ್ಳುತ್ತಿದ್ದರು. “ಕಾಕಾ, ನಾಳಿಂದ ನೀವೂ ಕಂಟೇನರ್ ಮ್ಯಾಲೇ ಕೆಲಸ ಮಾಡ್ಬೇಕ್ರಿ” ಅಂದೆ. ಮರುದಿನ ಸಂಜೆ ಅವರದೇ ಫೋನ್.

“ಕಂಟೇನರ್ ಬರಲಿಲ್ಲಲ್ರಿ?”

“ಮುಂಜಾನೇನೇ ಬಂದದ್ರಿ. ನೀವು ಅದರಾಗೇ ಕೆಲಸ ಮಾಡಾಕತ್ತೀರಿ.”

ಕಾಕಾ ಸಣ್ಣ ದನಿಯಲ್ಲಿ ಅಂದರು: “ಮೊದಲೇ ಹೇಳಬಾರದೇನ್ರಿ? ಕಂಟೇನರ್ ಲಾರಿ ಒಳಗ ಹೊಳ್ಳಲಿ ಅಂತ ಬಾಗಿಲ ಮುಂದಿನ ಬೇವಿನ ಗಿಡ ಕಡಿಸೇನಿ.”

ಒಪ್ಪಿಗೆಯೇ?

ಕೊನೆಯದು ಮಾತ್ರ ಪೂರ್ತಿ ನನ್ನದೇ ತಪ್ಪು.

ಡಬ್ಬಿ ಹೊಸದಾಗಿ ಹುಟ್ಟುವಾಗ ಒಳಗಿನ ಮಾಹಿತಿ ಅದರೊಂದಿಗೆ ಹುಟ್ಟುವುದಿಲ್ಲ. ಅದನ್ನು ಹೊರಗೆ ಬೇರೆ ಜಾಗದಲ್ಲಿ ಇಡಬೇಕು, ಬ್ಯಾಕಪ್ಪನ್ನೂ ಆ ಜಾಗದಿಂದಲೇ ತೆಗೆಯಬೇಕು. ನಾನು ಮಾಹಿತಿಯನ್ನು ಡಬ್ಬಿಯೊಳಗೇ ಬಿಟ್ಟಿದ್ದೆ. ಹೊರಗಿನ ಜಾಗ ಖಾಲಿ. ದಿನಾಲೂ ಆ ಖಾಲಿಯದೇ ಬ್ಯಾಕಪ್. ತೆರೆಯ ಮೇಲೆ ಮಾತ್ರ ‘ಯಶಸ್ವಿ’ ಅಂತ ಹಸಿರು ಅಕ್ಷರ. ತೆರೆದು ಪರೀಕ್ಷೆ ಮಾಡಿದವನಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಹೊಸ ಡಬ್ಬಿ ಹುಟ್ಟಿತು. ಒಳಗೆ ಒಬ್ಬ ವರನೂ ಇರಲಿಲ್ಲ, ಒಬ್ಬ ವಧುವೂ ಇರಲಿಲ್ಲ.

ಹುಡುಕಿದಾಗ ಹಳೆಯ ಹಾರ್ಡ್ ಡಿಸ್ಕಿನಲ್ಲಿ ವರ್ಷದ ಹಿಂದಿನ ಒಂದು ಪ್ರತಿ ಸಿಕ್ಕಿತು. ಅದನ್ನೇ ತುಂಬಿಸಿದೆ. ತುಂಬಿದ್ದೇ ತಡ, ಪ್ರೋಗ್ರಾಮು ತನ್ನಷ್ಟಕ್ಕೆ ತಾನೇ ಜೋಡಿ ಹೊಂದಿಸಿ, ಫೋಟೋ ಸಮೇತ ಎಲ್ಲರಿಗೂ ಮೆಸೇಜ್ ಕಳಿಸಿಬಿಟ್ಟಿತು. ಆ ವರ್ಷ ಮದುವೆಯಾದವರೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಅವಿವಾಹಿತರು!

ಮೊದಲ ಫೋನ್ ಹಿರೋಳ್ಳಿಯ ಅತ್ತೆಯೊಬ್ಬರದು: “ನಮ್ಮ ಸೊಸಿ ಏಳು ತಿಂಗಳ ಬಸುರಿ ಅದಾಳ. ಈಗ ವರಾ ತೋರಸಾಕತ್ತೀರಿ?”

ಅಕ್ಕಾವ್ರು ತಪ್ಪಾಯಿತೆಂದು ಕೈಮುಗಿದರು, ಫೋನಿನಲ್ಲಿ ಕಾಣುವುದಿಲ್ಲ ಎಂಬುದನ್ನೂ ಮರೆತು. ಇಷ್ಟು ವರ್ಷ ಗಳಿಸಿದ ಹೆಸರು ನನ್ನಿಂದ ಹೋಯಿತಲ್ಲ ಅಂತ ನನಗೆ ಅಳುವೇ ಬಂತು. ಅವರು ಬೈಯಲಿಲ್ಲ. “ಅತ್ರ ಡಬ್ಬಿ ತುಂಬತದೇನಲೇ? ಫೋನ್ ಹಚ್ಚು” ಅಂದರು. ಇಬ್ಬರೂ ಕೂತು ಒಂದೊಂದೇ ಮನೆಗೆ ಫೋನ್ ಮಾಡಿ, ಮದುವೆ ಆಗಿದೆಯೋ ಇಲ್ಲವೋ ಕೇಳಿ ಬರೆದುಕೊಂಡೆವು.

ನಾಲ್ಕನೇ ದಿನ ಸೊನ್ನ ಗ್ರಾಮದಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು.

“ಅಕ್ಕಾವ್ರೇ, ನಿಮ್ಮ ಮೆಸೇಜ್ ಬಂದದ್ರಿ. ಫೋಟೋದಾಗಿನ ಹುಡುಗ ನಮ್ಮ ಮನಿಯವ್ರೇ ಅದಾರ. ‘ಜೋಡಿ ಚೆನ್ನಾಗಿ ಹೊಂದುತ್ತದೆ, ಒಪ್ಪಿಗೆಯೇ?’ ಅಂತ ಕೇಳೀರಿ.”

“ತಪ್ಪಾಗ್ಯದವ್ವಾ, ಸಿಟ್ಟಾಗಬ್ಯಾಡ” ಅಂದರು ಅಕ್ಕಾವ್ರು.

“ಸಿಟ್ಟ್ಯಾಕ್ರಿ? ಈ ಸಲ ವಿಚಾರ ಮಾಡಾಕ ಎರಡು ದಿನ ಟೈಮ್ ಕೊಡ್ರಿ. ಹೋದ ಸಲ ಭಾಳ ಅವಸರ ಮಾಡೇನಿ.”