ದೊಡ್ಡಮ್ಮನನ್ನು ಗೇಟು ದಾಟಿಸುವ ಬಗ್ಗೆ

ಇಲಾಖಾ ಕಚೇರಿ
(ಹೆಸರು ಮುದ್ರಿಸಿದ ಕಾಗದ ಮುಗಿದಿರುವುದರಿಂದ ಬಿಳಿ ಹಾಳೆಯಲ್ಲಿ ಹೊರಡಿಸಲಾಗಿದೆ)

ಸುತ್ತೋಲೆ ಸಂಖ್ಯೆ: ವಾಹನ/ನಿಂತದ್ದು/ಹೊರಡುವುದು/01
ದಿನಾಂಕ: ಇದೇ ವಾರದ ಗುರುವಾರ, ಊಟದ ವಿರಾಮಕ್ಕೆ ಮುಂಚೆ

ವಿಷಯ: ಕಚೇರಿಯ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ತಾತ್ಕಾಲಿಕವಾಗಿ ನಿಂತಿರುವ ಹಳೆಯ ಕಾರನ್ನು ಬರುವ ಶನಿವಾರ ರಸ್ತೆಗೆ ಇಳಿಸುವಾಗ ಸಿಬ್ಬಂದಿ ಪಾಲಿಸತಕ್ಕ ಶಿಸ್ತಿನ ಕುರಿತು.

ಉಲ್ಲೇಖ: 1. ಈ ಕಚೇರಿಯ ಇಪ್ಪತ್ತಾರು ವರ್ಷ ಹಿಂದಿನ ಎರಡು ಸಾಲಿನ ಟಿಪ್ಪಣಿ.
2. ಚಾಲಕರ ಮೌಖಿಕ ಮನವಿ, ಅಂದಿನಿಂದ ಪ್ರತಿ ಸೋಮವಾರ.
3. ಚಾಲಕರ ಹೆಂಡತಿ ಕಚೇರಿಯ ಗೇಟಿನಲ್ಲಿ ನಿಂತು, ಯಾರೂ ಕೇಳದೆಯೇ ನೀಡಿದ ಹೇಳಿಕೆ.

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಗುಂಡು ಬೆನ್ನಿನ, ಉಬ್ಬುಗಣ್ಣಿನ ಸದರಿ ಕಾರನ್ನು ಇನ್ನು ಮುಂದೆ ‘ದೊಡ್ಡಮ್ಮ’ ಎಂದೇ ನಮೂದಿಸಲಾಗುವುದು. ಬೇರೆ ಹೆಸರು ಹೇಳಿದರೆ ಕಚೇರಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಇಪ್ಪತ್ತಾರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ದೊಡ್ಡಮ್ಮನ ಹಿಂದಿನ ಎಡ ಚಕ್ರ ಪಂಕ್ಚರ್ ಆಗಿತ್ತು. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಿರಿಯ ಗುಮಾಸ್ತೆಯೊಬ್ಬರು ನಿಯಮದಂತೆ ಟಿಪ್ಪಣಿ ಬರೆದರು: ‘ಹಿಂದಿನ ಎಡ ಚಕ್ರದಲ್ಲಿ ಗಾಳಿ ಇಲ್ಲ. ವಾಹನವನ್ನು ಮುಂದಿನ ಆದೇಶದವರೆಗೆ ನಿಲ್ಲಿಸಿದೆ.’ ಚಾಲಕರು ಅಂದೇ ಮಧ್ಯಾಹ್ನ ಪಂಕ್ಚರ್ ಹಾಕಿಸಿಕೊಂಡು ಬಂದರು. ಆದರೆ ಮುಂದಿನ ಆದೇಶ ಬರಲಿಲ್ಲ. ಆದೇಶ ಹೊರಡಿಸಲು ಕಡತ ಬೇಕು. ಕಡತವೋ, ಬೀರುಗಳೆಲ್ಲ ತುಂಬಿದ್ದ ಕಾರಣ ಅದೇ ವಾರ ದೊಡ್ಡಮ್ಮನ ಡಿಕ್ಕಿಗೆ ಸೇರಿ ಬೀಗ ಬಿದ್ದಿತ್ತು. ನಿಲ್ಲಿಸಿದ ವಾಹನದ ಡಿಕ್ಕಿ ತೆಗೆಯಲು ಮೇಲಿನವರ ಅನುಮತಿ ಬೇಕು, ಅನುಮತಿ ಕೇಳಲು ಕಡತದ ಸಂಖ್ಯೆ ಬೇಕು, ಸಂಖ್ಯೆ ಡಿಕ್ಕಿಯೊಳಗೆ.

ಈ ಅವಧಿಯಲ್ಲಿ ಚಾಲಕರು ದಿನವೂ ಹತ್ತು ಗಂಟೆಗೆ ಬಂದು ದೊಡ್ಡಮ್ಮನ ಮೈ ಒರೆಸಿ, ಸ್ಟೀರಿಂಗ್ ಹಿಂದೆ ಕೂತು, ನಾಲ್ಕೂ ಗೇರುಗಳನ್ನು ಒಂದೊಂದು ಸಲ ಹಾಕಿ ತೆಗೆದು, ಐದು ಗಂಟೆಗೆ ಸೈಕಲ್ಲಿನಲ್ಲಿ ಮನೆಗೆ ಹೋಗಿದ್ದಾರೆ. ದೊಡ್ಡಮ್ಮ ನಿಂತ ಮರುವರ್ಷ ಅವರಿಗೆ ಮದುವೆಯಾಯಿತು. ಉಲ್ಲೇಖ 3ರ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ: “ಡ್ರೈವರ್ರು ಅಂತ ಹೇಳಿ ಮದುವೆ ಮಾಡ್ಕೊಟ್ರು. ಇಪ್ಪತ್ತೈದು ವರ್ಷ ಆಯ್ತು, ಇವ್ರು ಸೈಕಲ್ ಬಿಟ್ಟು ಬೇರೇನಾದ್ರೂ ಓಡ್ಸಿದ್ದನ್ನ ನಾನಂತೂ ಕಣ್ಣಾರೆ ಕಂಡಿಲ್ಲ.”

ಸದರಿ ಚಾಲಕರು ಬರುವ ಶನಿವಾರ ಸಂಜೆ ಐದು ಗಂಟೆಗೆ ನಿವೃತ್ತರಾಗುತ್ತಾರೆ. ಅವರ ಸೇವಾ ಪುಸ್ತಕ ಎಲ್ಲೂ ಸಿಗದೆ, ಕಳೆದ ತಿಂಗಳು ಕಡೆಗೆ ಡಿಕ್ಕಿಯ ಬೀಗ ಒಡೆಯಲಾಗಿ, ಪುಸ್ತಕದ ಜೊತೆಗೆ ಉಲ್ಲೇಖ 1ರ ಟಿಪ್ಪಣಿಯೂ ಕೈಗೆ ಬಂತು. ಅದನ್ನು ಕಂಡ ಕಚೇರಿ ಅಧೀಕ್ಷಕಿಗೆ ಅಕ್ಷರ ತಮ್ಮದೇ ಎಂದು ಗುರುತಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕುರ್ಚಿ ಎಳೆದು ಕೂತು ನೀರು ಕುಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಟಿಪ್ಪಣಿಯನ್ನು ಚಾಲಕರಿಗೆ ತೋರಿಸಲಾಗಿ, ಅವರು, “ಹೋಗ್ಲಿ ಬಿಡಿ ಮೇಡಂ, ನೀವಾಗ ಚಿಕ್ಕವ್ರು. ಒಂದ್ಸಲ ಗೇಟು ದಾಟ್ಸಿಬಿಟ್ರೆ ಸಾಕು ನಂಗೆ” ಎಂದರು. ಅವರು ನಾಲ್ಕು ಮಾತು ಬೈದಿದ್ದರೆ ಅಧೀಕ್ಷಕಿಗೆ ಎಷ್ಟೋ ಹಗುರವಾಗುತ್ತಿತ್ತು ಎಂಬುದನ್ನೂ ಇಲ್ಲಿ ದಾಖಲಿಸಲಾಗಿದೆ.

ಆದ್ದರಿಂದ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

1. ಉಲ್ಲೇಖ 1ರ ಟಿಪ್ಪಣಿಯಲ್ಲಿ ಹೇಳಿದ ‘ಮುಂದಿನ ಆದೇಶ’ ಇದೇ ಆಗಿರುತ್ತದೆ. ವಿಳಂಬಕ್ಕೆ ಕಾರಣ ಕೇಳುವವರು ಅಧೀಕ್ಷಕಿಯ ಮುಖ ನೋಡಿ ಕೇಳತಕ್ಕದ್ದಲ್ಲ.

2. ದೊಡ್ಡಮ್ಮನ ಮೇಲೆ, ಒಳಗೆ ಮತ್ತು ಅಡಿಯಲ್ಲಿ ಸಿಬ್ಬಂದಿ ಇಟ್ಟುಕೊಂಡಿರುವ ಸ್ವಂತ ಸಾಮಾನುಗಳನ್ನು ಶುಕ್ರವಾರದೊಳಗೆ ತೆಗೆಯತಕ್ಕದ್ದು. ಕನ್ನಡಿಗೆ ಕೊಡೆ ನೇತುಹಾಕುವ, ಬಾನೆಟ್ಟಿನ ಮೇಲೆ ಫಾರಂ ಜೋಡಿಸುವ ಹಾಗೂ ಹಿಂದಿನ ಸೀಟಿನಲ್ಲಿ ಊಟದ ನಂತರ ‘ಹಳೆಯ ಕಡತ ಪರಿಶೀಲಿಸುವ’ ಪದ್ಧತಿಗಳು ಇಂದಿನಿಂದ ರದ್ದಾಗಿವೆ. ಪರಿಶೀಲನೆಯ ಗೊರಕೆ ಎರಡನೇ ಮಹಡಿಗೂ ಕೇಳುತ್ತಿದ್ದುದು ಕಚೇರಿಯ ಗಮನದಲ್ಲಿದೆ.

3. ಮುಂದಿನ ಸೀಟಿನ ಅಡಿಯಲ್ಲಿ ನಾಲ್ಕು ಮರಿಗಳೊಂದಿಗೆ ವಾಸವಾಗಿರುವ ಬೆಕ್ಕಿಗೆ ತೆರವು ನೋಟಿಸನ್ನು ಎದುರಲ್ಲೇ ಓದಿ ಹೇಳಲಾಗಿದೆ. ಅದು ಆಕಳಿಸಿ ಮುಖ ತಿರುಗಿಸಿದ್ದನ್ನು ಸ್ವೀಕೃತಿ ಎಂದು ಪರಿಗಣಿಸಲಾಗಿದೆ. ಬದಲಿ ವಸತಿಯಾಗಿ ಅಧೀಕ್ಷಕಿಯ ಕೊಠಡಿಯ ‘ಒಳಬಂದ ಪತ್ರಗಳು’ ಎಂಬ ತಟ್ಟೆಯನ್ನು ಮಂಜೂರು ಮಾಡಲಾಗಿದೆ. ಮರಿಗಳು ದೊಡ್ಡವಾಗುವವರೆಗೆ ಪತ್ರಗಳು ಒಳಬರತಕ್ಕದ್ದಲ್ಲ.

4. ಇಲಿ ಕಡಿದ ವೈರು, ಕಟ್ಟಿಕೊಂಡ ಕಾರ್ಬ್ಯುರೇಟರು, ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕು ಇವುಗಳನ್ನು ಮೂಲೆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಮೂರು ವಾರದಿಂದ ಸರಿಪಡಿಸುತ್ತಿದ್ದಾರೆ. ಅವರು ಕಾರಿನಡಿ ಮಲಗಿರುವಾಗ ಸಿಬ್ಬಂದಿ ಸುತ್ತ ಕೂತು, ತಮ್ಮ ಭಾವನ ಕಾರಿಗೂ ಹೀಗೇ ಆಗಿತ್ತೆಂದು ಹೇಳುವುದನ್ನು ನಿಷೇಧಿಸಲಾಗಿದೆ. ಒಬ್ಬರಿಗೆ ಒಬ್ಬ ಭಾವನಂತೆ ಈಗಾಗಲೇ ಹದಿಮೂರು ಭಾವಂದಿರು ದಾಖಲಾಗಿದ್ದಾರೆ.

5. ನಿನ್ನೆ ಬುಧವಾರ ಬೆಳಿಗ್ಗೆ ರಸ್ತೆಗೆ ಇಳಿಸಲು ಬೇಕಾದ ಕಾಗದಪತ್ರಗಳೆಲ್ಲ ಬಂದವು. ಮಧ್ಯಾಹ್ನ ದೊಡ್ಡಮ್ಮನ ಇಂಜಿನ್ ಹನ್ನೊಂದು ನಿಮಿಷ ಓಡಿತು. ಆಗ ಚಾಲಕರ ಕಣ್ಣಲ್ಲಿ ಕಂಡ ನೀರು ಹೊಗೆಯಿಂದ ಬಂದದ್ದೆಂದು ಎಲ್ಲರೂ ಏಕರೂಪವಾಗಿ ಹೇಳತಕ್ಕದ್ದು. ಹೊಗೆ ತಲುಪದ ಎರಡನೇ ಮಹಡಿಯವರ ಕಣ್ಣೀರಿನ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

6. ಶನಿವಾರ ದೊಡ್ಡಮ್ಮ ಮೊಂಡು ಹಿಡಿದರೆ ತಳ್ಳತಕ್ಕದ್ದು. ಹುದ್ದೆಯ ಹಿರಿತನದ ಪ್ರಕಾರ ಹಿಂದಿನಿಂದ ನಿಲ್ಲುವುದು. ಬೆನ್ನುನೋವಿನ ಪ್ರಮಾಣಪತ್ರ ಕೊಟ್ಟವರು ಪಕ್ಕದಲ್ಲಿ ನಿಂತು “ಹಾಂ, ಇನ್ನೊಂಚೂರು!” ಎಂದು ಕೂಗತಕ್ಕದ್ದು. ಕೂಗಲು ಈಗಾಗಲೇ ಒಂಬತ್ತು ಮಂದಿ ಹೆಸರು ಕೊಟ್ಟಿದ್ದು, ತಳ್ಳಲು ಇಬ್ಬರೇ ಇರುವುದರಿಂದ ಪ್ರಮಾಣಪತ್ರಗಳನ್ನು ಮರುಪರಿಶೀಲಿಸಲಾಗುವುದು.

7. ದೊಡ್ಡಮ್ಮ ಗೇಟು ದಾಟುವಾಗ ಚಪ್ಪಾಳೆ ತಟ್ಟಬಹುದು. ಬಾಗಿಲನ್ನು ಯಾರೂ ತಟ್ಟತಕ್ಕದ್ದಲ್ಲ. ಎಡಬಾಗಿಲು ಕೈಗೇ ಬರುತ್ತದೆ.

8. ಗೇಟಿನಲ್ಲಿ ಚಾಲಕರ ಹೆಂಡತಿಯನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡು, ಎರಡು ಬೀದಿ ಆಚೆಯ ಅವರ ಮನೆಯವರೆಗೆ ಹೋಗತಕ್ಕದ್ದು. ದಾರಿಯಲ್ಲಿ ಯಾರಾದರೂ ಚಾಲಕರಿಗೆ ಸ್ಟೀರಿಂಗ್ ತಿರುಗಿಸುವ ಬಗ್ಗೆ ಸಲಹೆ ಕೊಟ್ಟರೆ ಅದು ಅಶಿಸ್ತು. ಹೆಂಡತಿ ಕೊಟ್ಟರೆ ಅಲ್ಲ.

9. ಬ್ರೇಕಿನ ಒಂದು ಬಿಡಿಭಾಗ ಶನಿವಾರವೇ ಬರಬೇಕಾಗಿದೆ. ಕೆಲಸ ಐದು ಗಂಟೆಯೊಳಗೆ ಮುಗಿಯುವುದೇ ಎಂದು ಕೇಳಲಾಗಿ ಮೆಕ್ಯಾನಿಕ್, “ಐದಾಗ್ಬೋದು, ಆರೂ ಆಗ್ಬೋದು. ನಿಮ್ಮ ಆಫೀಸ್ ಟೈಮು ಇಂಜಿನ್ನಿಗೇನ್ ಗೊತ್ತು?” ಎಂದು ಉತ್ತರಿಸಿರುತ್ತಾರೆ. ಆದರೆ ನಿಯಮದಂತೆ ಐದು ಗಂಟೆ ಹೊಡೆದ ಮೇಲೆ ನಿವೃತ್ತ ಚಾಲಕರು ಸ್ಟೀರಿಂಗ್ ಮುಟ್ಟುವಂತಿಲ್ಲ. ಆ ಹುದ್ದೆಯೂ ಅಂದಿಗೇ ರದ್ದಾಗುವುದರಿಂದ ಇನ್ನೊಂದು ಶನಿವಾರ ಇರುವುದಿಲ್ಲ. ಈ ತೊಡಕನ್ನು ಮೇಲಿನವರ ಗಮನಕ್ಕೆ ತರಲಾಯಿತು. ನಿಯಮ ನಿಯಮವೇ ಎಂದು ತಿಳಿಸಿದ್ದಾರೆ.

10. ಅದರಂತೆ, ಕಚೇರಿ ವೇಳೆಗೆ ಪ್ರಮಾಣವಾಗಿರುವ ಹಜಾರದ ಗೋಡೆ ಗಡಿಯಾರವನ್ನು ಶನಿವಾರ ಸಂಜೆ ನಾಲ್ಕು ಐವತ್ತೈದಕ್ಕೆ, ಮುಂದಿನ ಆದೇಶದವರೆಗೆ, ನಿಲ್ಲಿಸತಕ್ಕದ್ದು. ಅಂದು ಸಿಬ್ಬಂದಿಯ ಕೈಗಡಿಯಾರಗಳೆಲ್ಲ ತಪ್ಪಾಗಿರುತ್ತವೆ. ಮನೆ ಮುಟ್ಟಿದ ಮೇಲೆ ಚಾಲಕರು ಒಮ್ಮೆ ಹಾರ್ನ್ ಒತ್ತುವರು. ಅದನ್ನೇ ಮುಂದಿನ ಆದೇಶವೆಂದು ಪರಿಗಣಿಸಿ ಗಡಿಯಾರವನ್ನು ಚಾಲೂ ಮಾಡಲಾಗುವುದು, ಐದು ಹೊಡೆಯುವುದು, ಚಾಲಕರು ನಿವೃತ್ತರಾಗುವರು. ಸ್ಟೂಲು ಹತ್ತಿ ಲೋಲಕಕ್ಕೆ ಕೈ ಹಚ್ಚುವ ಕೆಲಸವನ್ನು ಅಧೀಕ್ಷಕಿ ಖುದ್ದಾಗಿ ನಿರ್ವಹಿಸುವರು. ಮೊದಲ ಸಲ ನಿಲ್ಲಿಸಿದವರೂ ಅವರೇ ಆದ್ದರಿಂದ ಅನುಭವವಿದೆ.

ಸಹಿ/-
ಕಚೇರಿ ಅಧೀಕ್ಷಕಿ
(ಉಲ್ಲೇಖ 1ರಲ್ಲಿಯೂ ಇದೇ ಸಹಿ ಇದೆ. ಆಗ ಅಕ್ಷರ ಇನ್ನೂ ದುಂಡಗಿತ್ತು.)

ಪ್ರತಿಗಳು:
1. ಚಾಲಕರಿಗೆ. ಕೈಗೆ ಕೊಡುವ ಧೈರ್ಯ ಸಾಲದೆ ಸ್ಟೀರಿಂಗಿಗೆ ಸಿಕ್ಕಿಸಲಾಗಿದೆ.
2. ಮೆಕ್ಯಾನಿಕರಿಗೆ. ಓದಲು ಒಂದು, ಕೈ ಒರೆಸಿಕೊಳ್ಳಲು ಒಂದು.
3. ಚಾಲಕರ ಹೆಂಡತಿಗೆ, ಕಣ್ಣಾರೆ ಕಾಣುವ ಸಲುವಾಗಿ.
4. ಬೆಕ್ಕಿಗೆ, ಹಾಸಿಕೊಳ್ಳಲು.
5. ಮೇಲಿನವರಿಗೆ, ಮಾಹಿತಿಗಾಗಿ, ಸೋಮವಾರ ಕಳುಹಿಸುವುದು.
6. ಗಡಿಯಾರದ ಕೆಳಗೆ ಅಂಟಿಸಲು, ಈ ಷರಾದೊಂದಿಗೆ: ಹಾರ್ನ್ ಕೇಳುವವರೆಗೆ ಎಲ್ಲರೂ ಕಾಯತಕ್ಕದ್ದು. ಅವರು ನಮಗಿಂತ ಹೆಚ್ಚು ಕಾದಿದ್ದಾರೆ.